ಮೆಟ್ಟಿಲಿಲ್ಲದ ಕೋಟೆ

ಕೋಣನಕುಂಟೆಯ ಹೋಟೆಲ್ ಮುಂದೆ ಕಾಫಿ ಕುಡಿಯುತ್ತ ನಿಂತಾಗ ನನ್ನ ಗಂಡ ಪ್ರಕಾಶ್, "ಬೆಟ್ಟ ಹತ್ತೋಕೆ ಆಗಲ್ಲ ಕಣೇ. ನೀನು ಕೋಟೆ ನೋಡ್ಕೊಂಡು ಬಾ, ನಾನು ಕೆಳಗೆ ಕಾರಲ್ಲಿ ಕೂತಿರ್ತೀನಿ" ಎಂದ. ಅವನ ಮಂಡಿ ಆಪರೇಷನ್ ಆದಮೇಲೆ ನಾವು ನೋಡಲು ಹೊರಟ ಮೊದಲ ಕೋಟೆ ಅದು. ಮದುವೆಯಾದಾಗಿನಿಂದ ಒಂದು ಕೋಟೆಯನ್ನೂ ಒಬ್ಬೊಬ್ಬರೇ ನೋಡಿದವರಲ್ಲ. "ಹಾಗಾದ್ರೆ ಮನೆಗೇ ಹೋಗೋಣ" ಎಂದೆ.

ಪಕ್ಕದಲ್ಲಿದ್ದ ಹಿರಿಯರೊಬ್ಬರಿಗೆ ಅದು ಕೇಳಿಸಿತು. "ಕೋಟೆ ನೋಡಕ್ಕಾ ಹೊರಟಿದ್ದು? ನಮ್ಮನೆ ಹಿಂದೆ ಒಂದು ಗೋಡೆ ಐತೆ ಸಾರ್. ಹಳೇ ಊರಿನ ಕೋಟೆದು ಅಂತಿದ್ರು ನಮ್ಮಜ್ಜಿ. ಮೆಟ್ಲು ಗಿಟ್ಲು ಏನಿಲ್ಲ, ಬನ್ನಿ."

ಅವರ ಮನೆ ಮತ್ತು ಅವರು ಬಾಡಿಗೆಗೆ ಕೊಟ್ಟ ಮನೆಗಳ ಹಿಂದೆ, ಸಜ್ಜಾದ ನೆರಳಿನಲ್ಲಿ, ಎದೆಯೆತ್ತರದ ಮಣ್ಣಿನ ಗೋಡೆ ಇತ್ತು. ಹತ್ತು ಹೆಜ್ಜೆ ಉದ್ದವಿರಬಹುದು. ಮನೆ ಕಟ್ಟುವಾಗ ಎಂಜಿನಿಯರ್ ಕೆಡವಿಬಿಡಿ ಎಂದಿದ್ದರಂತೆ. "ಅಜ್ಜಿ ಪ್ರತಿ ಹಬ್ಬಕ್ಕೂ ಇದನ್ನ ಸಾರಿಸೋರು. ಮನಸ್ಸು ಬರ್ಲಿಲ್ಲ. ಒಂದು ರೂಮ್ ಕಮ್ಮಿ ಕಟ್ಟಿದ್ವಿ" ಎಂದರು.

ಸಾರಿಸಿದ ಮಣ್ಣಿನಲ್ಲಿ ಆ ಅಜ್ಜಿಯ ಬೆರಳು ಎಳೆದ ಗೆರೆಗಳು ಇನ್ನೂ ಇದ್ದವು. ಪ್ರಕಾಶ್ ನನ್ನ ಕೈ ಹಿಡಿದು ಅವುಗಳ ಮೇಲಿಟ್ಟ.

ಅಷ್ಟರಲ್ಲಿ ಅವರು ಹೆಂಡತಿಯನ್ನು ಕೂಗಿದರು. "ಬಾರೇ, ನಮ್ಮ ಕೋಟೆ ನೋಡಕ್ಕೆ ಬಂದವ್ರೆ." ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಗೋಡೆಯ ಆ ತುದಿಯಲ್ಲಿ ಒಣಹಾಕಿದ್ದ ಸೀರೆಯನ್ನು ಎಳೆದು ತೋಳಿಗೆ ಹಾಕಿಕೊಂಡು, "ಈಗ ನೋಡಿ" ಎಂದು ಪಕ್ಕಕ್ಕೆ ಸರಿದು ನಿಂತರು.