ಎಡಗಡೆ ಮುಂದಿನ ಚಕ್ರ

ಸಿಂಗಾನಲ್ಲೂರಿನ ಕೆರೆ ಹಿಂದಿನ ಬೀದಿಗೆ ಆ ಕಾರು ಬಂದದ್ದು ಟೆಂಪೋ ಮೇಲೆ ಹೇರಿಕೊಂಡು. ಮುಂದಿನ ಎಡಗಡೆ ಪೂರ್ತಿ ಒಳಕ್ಕೆ ಮಡಚಿಕೊಂಡು, ಚಕ್ರ ಬಾಗಿಲಿಗೆ ಮುತ್ತು ಕೊಡುತ್ತಿತ್ತು. ಯಾರೋ ಟೀಚರಮ್ಮ ಹುಣಸೆ ಮರಕ್ಕೆ ಗುದ್ದಿ, ಹಣೆಗೊಂದು ಬ್ಯಾಂಡೇಜು ಹಾಕಿಸಿಕೊಂಡು ನಡೆದೇ ಮನೆಗೆ ಹೋಗಿದ್ದರಂತೆ. ಇನ್ಶೂರೆನ್ಸಿನವರು ರಿಪೇರಿಗೆ ಲಾಯಕ್ಕಿಲ್ಲ ಅಂತ ಬರೆದುಕೊಟ್ಟ ಮೇಲೆ ಗುಜರಿ ರೇಟಿಗೆ ಬಿಕರಿಯಾಗಿತ್ತು.

"ಏನಮ್ಮಿಣಿ ಇದು?" ಅಂದರು ಮರುದಾಚಲಂ, ಕೈಯಲ್ಲಿದ್ದ ಗ್ರೈಂಡರ್ ಡ್ರಮ್ಮನ್ನು ಕೆಳಗಿಟ್ಟು.

"ಕಾರು, ಪೆರಿಯಪ್ಪಾ."

"ತಾನು ಕಾರು ಅಂತ ಅದಕ್ಕೆ ಗೊತ್ತಾ?"

ಯಾಳಿನಿ ಅವರ ತಮ್ಮನ ಮಗಳು, ಮುದ್ದಿಗೆ ಅಮ್ಮಿಣಿ; ಅವಳಿಗೆ ಇವರು ಪೆರಿಯಪ್ಪ, ಅಂದರೆ ದೊಡ್ಡಪ್ಪ. ಸ್ಪಿನ್ನಿಂಗ್ ಮಿಲ್ಲಿನ ಲ್ಯಾಬಿನಲ್ಲಿ ನೂಲಿನ ಗಟ್ಟಿತನ ನೋಡುವ ಕೆಲಸ. ತಿಂಗಳಿಗೊಂದು ಭಾನುವಾರ ರೇಸ್ ಟ್ರ್ಯಾಕನ್ನು ಹೊಸಬರಿಗೆ ಬಿಟ್ಟುಕೊಡುತ್ತಾರಲ್ಲ, ಅಲ್ಲಿ ಸ್ವಂತ ಕಾರು ಓಡಿಸಬೇಕು ಅನ್ನುವ ಹುಚ್ಚು ಅವಳಿಗೆ. ಒಳ್ಳೆಯ ಕಾರನ್ನು ಹಾಳು ಮಾಡುವುದಕ್ಕಿಂತ, ಹಾಳಾದ ಕಾರನ್ನೇ ತಂದು ಕಲಿಯುವುದು ಜಾಣತನ. ಲೆಕ್ಕಾಚಾರವೇನೋ ಸರಿಯಾಗೇ ಇತ್ತು. ಅದನ್ನು ನಿಲ್ಲಿಸುವ ಜಾಗ ಮಾತ್ರ ತಪ್ಪು.

ಏಕೆಂದರೆ ಹನ್ನೊಂದು ವರ್ಷದಿಂದ ಮರುದಾಚಲಂ ಇಡ್ಲಿ ಹಿಟ್ಟಿನ ಗ್ರೈಂಡರ್ ರಿಪೇರಿ ಬಿಟ್ಟು ಬೇರೆ ಯಾವುದನ್ನೂ ಮುಟ್ಟಿರಲಿಲ್ಲ. ಅದಕ್ಕೂ ಮುಂಚೆ ಅವರು ರೇಸ್ ಕಾರಿನ ಮೆಕ್ಯಾನಿಕ್. ಎಂಥ ಮೆಕ್ಯಾನಿಕ್ ಅಂದರೆ, ಬಾನೆಟ್ ಮೇಲೆ ಅಂಗೈ ಇಟ್ಟು ಯಾವ ಸಿಲಿಂಡರ್ ಸೋಮಾರಿ ಅಂತ ಹೇಳುತ್ತಿದ್ದರು. ಯಾಕೆ ಬಿಟ್ಟಿರಿ ಅಂದರೆ "ಬೆನ್ನು ನೋವು" ಅನ್ನುತ್ತಿದ್ದರು. ಬೆನ್ನಿಗೆ ಏನೂ ಆಗಿರಲಿಲ್ಲ.

ಆಗಿದ್ದು ಇಷ್ಟು. ರೇಸ್ ಕಾರಿನಲ್ಲಿ ಬೋಲ್ಟನ್ನು ಅಳತೆಯ ಸ್ಪ್ಯಾನರಿನಿಂದ ಬಿಗಿಯುತ್ತಾರೆ. ಸರಿಯಾದ ಬಿಗಿ ಬಂದಾಗ ಅದು ಟಕ್ ಅನ್ನುತ್ತದೆ. ಟಕ್ ಅಂದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಬಣ್ಣದ ಒಂದು ಗೆರೆ. ಗೆರೆ ಇದ್ದರೆ ಬಿಗಿಯಾಗಿದೆ ಅಂತ ಅರ್ಥ, ಮತ್ತೆ ಯಾರೂ ಕೇಳುವುದಿಲ್ಲ. ಆ ಬೆಳಿಗ್ಗೆ ಬಣ್ಣ ಒಣಗಲು ಹೊತ್ತಾಗುತ್ತದೆ ಅಂತ ಮರುದಾಚಲಂ ಮೊದಲೇ ಎಲ್ಲಾ ಬೋಲ್ಟಿಗೂ ಗೆರೆ ಎಳೆದುಬಿಟ್ಟರು, ಆಮೇಲೆ ಒಂದೊಂದೇ ಬಿಗಿಯುತ್ತ ಬಂದರು. ಕೊನೆಯ ಚಕ್ರ, ಎಡಗಡೆ ಮುಂದಿನದು, ಬಾಕಿಯಿತ್ತು. ಅಷ್ಟರಲ್ಲಿ ಓನರು ಕುಂಬಳಕಾಯಿ ಒಡೆಯಲು ಕರೆದರು. ಎದ್ದು ಹೋಗಿ, ಕರ್ಪೂರಕ್ಕೆ ಕೈ ಮುಗಿದು, ಬಂದು ನೋಡಿದರೆ ನಾಲ್ಕೂ ಕಡೆ ಹಳದಿ ಗೆರೆ.

"ಅಣ್ಣಾ, ಆಯ್ತಾ?" ಅಂದ ಎಬಿನೇಸರ್, ಹೆಲ್ಮೆಟ್ಟಿನೊಳಗಿಂದ. ಕಾರು ಓಡಿಸಬೇಕಿದ್ದ ಇಪ್ಪತ್ತೆರಡರ ಹುಡುಗ.

"ಆಯ್ತು, ಹೋಗು."

ಮೂರನೇ ಸುತ್ತಿನಲ್ಲಿ ಗೋಡೆಗೆ ಗುದ್ದಿದ. ಉಳಿಯಲಿಲ್ಲ. ಕಾರು ಎಷ್ಟು ನಜ್ಜುಗುಜ್ಜಾಗಿತ್ತೆಂದರೆ, ಯಾವ ಬೋಲ್ಟು ಮೊದಲು ಬಿಚ್ಚಿತು, ಯಾವುದು ಆಮೇಲೆ ಮುರಿಯಿತು ಅಂತ ದೇವರಿಗೇ ಗೊತ್ತು. ದೇವರಿಗೆ, ಮತ್ತೆ ಮರುದಾಚಲಂಗೆ. ಹುಡುಗ ಮಿತಿ ಮೀರಿ ಓಡಿಸಿದ ಅಂತ ಎಲ್ಲರೂ ಅಂದರು. ಮರುದಾಚಲಂ ಅಲ್ಲ ಅನ್ನಲಿಲ್ಲ. ಹೆಂಡತಿ ಶಿವಗಾಮಿಗೂ ಹೇಳಲಿಲ್ಲ. ಆದರೆ ಅಂದಿನಿಂದ ಏನನ್ನು ಬಿಗಿದರೂ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಆಗಲಿ, ನೀರಿನ ನಲ್ಲಿಯಾಗಲಿ, ಕಿವಿ ಹತ್ತಿರ ಯಾರೋ ಮೆಲ್ಲಗೆ ಕೇಳುತ್ತಿದ್ದರು: ಅಣ್ಣಾ, ಆಯ್ತಾ?

ಈಗ ಟೆಂಪೋ ಮೇಲಿನ ಕಾರು ಅದೇ ಮಾಡೆಲ್. ಮುರಿದದ್ದೂ ಅದೇ ಮೂಲೆ.

"ಆಗಲ್ಲ ಅಮ್ಮಿಣಿ. ವಾಪಸ್ ಕಳಿಸು."

ಶಿವಗಾಮಿ ಒಳಗಿಂದಲೇ ಕೂಗಿದರು: "ಹೂಂ, ಕಳಿಸಮ್ಮ ಕಳಿಸು. ನಿಮ್ ಪೆರಿಯಪ್ಪಂಗೆ ಹಿಟ್ಟು ರುಬ್ಬೋ ಕಲ್ಲಿನ್ ಜೊತೆನೇ ಸಂಸಾರ. ನಾನೇನೋ ಮನೆ ಕಾಯೋಕೆ ಬಂದೋಳು."

ಕಾರು ವಾಪಸ್ ಹೋಗಲಿಲ್ಲ. ಮೂರು ದಿನ ಶೆಡ್ಡಿನಲ್ಲಿ ಸುಮ್ಮನೆ ನಿಂತಿತು. ನಾಲ್ಕನೇ ದಿನ ಮರುದಾಚಲಂ ಕೈ ತಡೆಯಲಾರದೆ ಹಿಂದಿನ ಸೀಟು ಬಿಚ್ಚಿದರು.

ಆಮೇಲಿನ ಎರಡು ತಿಂಗಳು ಏನು ಹೇಳಲಿ! ಸೀಟು, ಕಾರ್ಪೆಟ್ಟು, ಸ್ಪೀಕರ್ರು, ಬಾಗಿಲಿನ ಒಳಹಲಗೆ, ಭಾರ ಅನ್ನಿಸಿದ್ದೆಲ್ಲ ಹೊರಗೆ. ಸದ್ದು ತಡೆಯಲೆಂದು ನೆಲಕ್ಕೆ ಅಂಟಿಸಿದ್ದ ಟಾರಿನ ಹಾಳೆಗಳನ್ನು ಯಾಳಿನಿ ಉಳಿಯಲ್ಲಿ ಕೆತ್ತಿ ಕೆತ್ತಿ ತೆಗೆದಳು. ಎಷ್ಟು ಗುಡಿಸಿದರೂ ಮೂಲೆಯಿಂದ ಒಡೆದ ಗಾಜಿನ ಹರಳು ಉದುರುತ್ತಲೇ ಇತ್ತು. ಕಾರಿನ ಮೂತಿಯನ್ನು ಶೆಡ್ಡಿನ ಕಂಬಕ್ಕೆ ಸರಪಳಿ ಕಟ್ಟಿ ಎಳೆದು ನೇರ ಮಾಡಿದರು. ಉಕ್ಕಡಂ ಪೇಟೆಯ ಗುಜರಿಯಿಂದ ರೇಡಿಯೇಟರ್ ಬಂತು. ದಪ್ಪ ಪೈಪು ಬಗ್ಗಿಸಿ ಒಳಗೆ ಪಂಜರ ಬೆಸೆದರು. ಕಾರು ಮಗುಚಿದರೂ ತಲೆ ಉಳಿಯಲಿ ಅಂತ. ಒಂದೇ ಸೀಟು, ಅಗಲವಾದ ಬೆಲ್ಟು, ಹೊಸ ಬ್ರೇಕು. ಇಂಜಿನ್ನನ್ನು ಮುಟ್ಟಲೇ ಇಲ್ಲ.

"ಪವರ್ ಜಾಸ್ತಿ ಮಾಡಲ್ವಾ ಪೆರಿಯಪ್ಪಾ?"

"ಮೊದ್ಲು ನಿಲ್ಸೋದು ಕಲಿ. ಓಡ್ಸೋಕೆ ಎಮ್ಮೆಗೂ ಬರುತ್ತೆ."

ಆದರೆ ಎಡಗಡೆ ಮುಂದಿನ ಚಕ್ರದ ಹತ್ತಿರ ಬಂದಾಗಲೆಲ್ಲ ಅವರಿಗೆ ಬೇರೆ ಕೆಲಸ ನೆನಪಾಗುತ್ತಿತ್ತು. ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳನ್ನು ಹೊಸದಾಗಿ ತಂದು ಬೋಲ್ಟು ಕೈಯಲ್ಲಿ ತಿರುಗಿಸಿ ಬಿಟ್ಟಿದ್ದರು, ಅಷ್ಟೇ. ಒಮ್ಮೆ ಜಾಕಿನ ಪಕ್ಕ ಮಲಗಿ ಸ್ಪ್ಯಾನರ್ ಹಾಕಿದರು. ಟಕ್ ಅಂತು. ನಿಜವಾಗಿಯೂ ಅಂದಿತೇ, ಅಥವಾ ತನ್ನ ತಲೆಯೊಳಗಷ್ಟೇ ಅಂದಿತೇ? ಸಡಿಲಿಸಿ ಮತ್ತೆ ಬಿಗಿದರು. ಮತ್ತೆ ಸಡಿಲಿಸಿದರು. ಮಟಮಟ ಮಧ್ಯಾಹ್ನ, ಬೀದಿಯಲ್ಲಿ ಸೊಪ್ಪಿನವಳ ಕೂಗು, ಶಿವಗಾಮಿ ಊಟಕ್ಕೆ ಕರೆಯುತ್ತಿದ್ದಾರೆ. ಇವರು ಕಾರಿನಡಿ ಬೆವೆತು ತೊಯ್ದು, ಒಂದೇ ಬೋಲ್ಟನ್ನು ಇಪ್ಪತ್ತು ಸಲ ಬಿಚ್ಚಿ ಹಾಕಿದರು. ಕೊನೆಗೆ ಬಿಚ್ಚಿದ್ದೇ ಉಳಿಯಿತು.

ಟ್ರ್ಯಾಕಿಗೆ ಹೋಗುವ ಹಿಂದಿನ ದಿನ, ಶನಿವಾರ, ಯಾಳಿನಿ ಹೆಲ್ಮೆಟ್ ಹಾಕಿಕೊಂಡೇ ಶೆಡ್ಡಿಗೆ ಬಂದಳು. ಕನ್ನಡಿ ಮುಂದೆ ಚೆಂದ ಕಂಡಿತ್ತಂತೆ, ತೆಗೆಯಲು ಮನಸ್ಸಾಗಲಿಲ್ಲವಂತೆ.

"ಪೆರಿಯಪ್ಪಾ, ಆಯ್ತಾ?"

ಹೆಲ್ಮೆಟ್ಟಿನೊಳಗಿಂದ ಬಂದ ಆ ದನಿಗೆ ಮರುದಾಚಲಂ ಕೈಯಿಂದ ಸ್ಪ್ಯಾನರ್ ಜಾರಿತು. ಬಾಯಿ ತೆರೆದರು. ಆಯ್ತು ಅನ್ನುವ ಎರಡಕ್ಷರ ಬರಲಿಲ್ಲ. ಬದಲಿಗೆ ಹಳದಿ ಗೆರೆಯ ಕಥೆ ಬಂತು, ಕುಂಬಳಕಾಯಿ ಬಂತು, ಮೂರನೇ ಸುತ್ತು ಬಂತು. ಯಾಳಿನಿ ಹೆಲ್ಮೆಟ್ ತೆಗೆದು ತೊಡೆ ಮೇಲಿಟ್ಟುಕೊಂಡು ಪೂರ್ತಿ ಕೇಳಿದಳು. ಅಯ್ಯೋ ಅನ್ನಲಿಲ್ಲ, ಹೋಗ್ಲಿ ಬಿಡಿ ಅಂತಲೂ ಅನ್ನಲಿಲ್ಲ.

"ಆ ಎಬಿನೇಸರ್ ಮನೇಲಿ ಯಾರಿದಾರೆ?"

"ತಾಯಿ. ಪೋತನೂರಲ್ಲಿ."

"ಅವ್ರಿಗೆ ಹೇಳಿದೀರಾ?"

ಮರುದಾಚಲಂ ಇಲ್ಲ ಅಂತ ತಲೆ ಅಲ್ಲಾಡಿಸಿದರು.

ಅವಳು ಸ್ಪ್ಯಾನರ್ ಎತ್ತಿಕೊಂಡಳು. "ಇದನ್ನ ನಾನೇ ಬಿಗೀತೀನಿ. ನೀವು ಪಕ್ಕದಲ್ಲಿ ಕೂತು ನೋಡಿ. ನಿಮ್ ಕಣ್ಣನ್ನ ನಂಬ್ತೀನಿ. ಬಾಯಿನ ನಂಬೋದು ನಾಳೆ ಆ ತಾಯಿಗೆ ಹೇಳಿದ್ಮೇಲೆ."

ಟಕ್. ಇಬ್ಬರಿಗೂ ಕೇಳಿಸಿತು.

ಭಾನುವಾರ ಅವಳು ಹನ್ನೆರಡು ಸುತ್ತು ಓಡಿಸಿದಳು. ಎಲ್ಲರಿಗಿಂತ ನಿಧಾನ. ಒಂದು ತಿರುವಿನಲ್ಲಿ ಹುಲ್ಲಿಗಿಳಿದು ನಾಚಿಕೆಯಿಂದ ಮತ್ತೆ ಮೇಲೆ ಬಂದಳು. ಮರುದಾಚಲಂ ಬೇಲಿ ಹಿಡಿದುಕೊಂಡು ಹನ್ನೆರಡೂ ಸುತ್ತು ಎಡಗಡೆ ಮುಂದಿನ ಚಕ್ರವನ್ನೇ ನೋಡಿದರು, ರೆಪ್ಪೆ ಮುಚ್ಚದೆ. ಕಾರು ಬಂದು ನಿಂತಾಗ ಬೆರಳು ಬಿಡಿಸಲು ಅವರಿಗೇ ಆಗಲಿಲ್ಲ.

"ಬನ್ನಿ," ಅಂದಳು ಯಾಳಿನಿ. "ಪೋತನೂರು ಬಸ್ಸು ಇಲ್ಲೇ ನಿಲ್ಲುತ್ತೆ."

ಎಬಿನೇಸರನ ತಾಯಿ ಜ್ಞಾನಸೌಂದರಿ ಚರ್ಚಿನಿಂದ ಆಗಷ್ಟೇ ಬಂದಿದ್ದರು, ಇನ್ನೂ ಬಿಳಿ ಸೀರೆಯಲ್ಲೇ. ಗ್ರೀಸ್ ಕೈಯ ಈ ಮನುಷ್ಯನ ಗುರುತು ಹಿಡಿದು "ಬಾಪ್ಪಾ, ಕೂತ್ಕೋ, ಅನ್ನ ಮಾಡಿದೀನಿ" ಅಂದರು. ಮರುದಾಚಲಂ ಕೂರಲಿಲ್ಲ. ಬಾಗಿಲಲ್ಲಿ ನಿಂತೇ ಹೇಳಿದರು. ಹೇಳಿ ಮುಗಿಯಲು ಐದು ನಿಮಿಷವೂ ಬೇಕಾಗಲಿಲ್ಲ.

ಆ ತಾಯಿ ಅಳಲಿಲ್ಲ. ಗೋಡೆಗೆ ಕೈ ಕೊಟ್ಟು ನಿಂತರು. "ಬೇಡ ಕಣೋ, ಅಷ್ಟು ಜೋರಾಗಿ ಹೋಗ್ಬೇಡ ಅಂತ ಅವನಿಗೆ ದಿನಾ ಹೇಳ್ತಿದ್ದೆ," ಅಂದರು. "ಮಾತು ಕೇಳ್ಲಿಲ್ಲ ಅಂತ ಸಿಟ್ಟು ನಂಗೆ. ಹನ್ನೊಂದು ವರ್ಷ. ಪ್ರತಿ ಭಾನುವಾರ ಗೋರಿ ಹತ್ರ ಹೋಗಿ ಅವನನ್ನ ಬೈದು ಬರ್ತೀನಿ. ಇವತ್ತೂ ಬೈದು ಬಂದೆ."

ಒಲೆ ಮೇಲೆ ಸಾರು ಕುದಿಯುತ್ತಿತ್ತು. ಅವರು ಒಳಗೆ ಹೋಗಿ ಒಲೆ ಆರಿಸಿ, ಕೊಡೆ ತೆಗೆದುಕೊಂಡು ಬಂದು ಚಪ್ಪಲಿ ಮೆಟ್ಟಿದರು.

"ಅಮ್ಮಾ, ನಾನೂ ಬರ್ಲಾ?" ಅಂದರು ಮರುದಾಚಲಂ.

"ಬೇಡ. ನೀನು ಇನ್ನೊಂದಿನ ಬಾ," ಅಂದರು ಜ್ಞಾನಸೌಂದರಿ, ಅವರ ಮುಖ ನೋಡದೆ. "ಇವತ್ತು ನಾನು ಅವನ ಹತ್ರ ಒಬ್ಳೇ ಮಾತಾಡ್ಬೇಕು."