ಎರಡು ಕಡೆ ಬರೆದ ಒಂದೇ ಹೆಸರು

ಮಹಾನಂದಾ ನನ್ನ ವಿದ್ಯಾರ್ಥಿನಿ ಎಂದು ಈಗ ಎಲ್ಲರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇನೆ. ಆದರೆ ಅವಳು ಹೈದರಾಬಾದಿಗೆ ಹೊರಟಾಗ ಅಡ್ಡಗಾಲು ಹಾಕಿದವನೂ ನಾನೇ. ಕುಂದಗೋಳದ ಕಾಲೇಜಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ಗಣಿತ ಓದಿದವರು ಬಿ.ಎಡ್ ಮಾಡಬೇಕು, ಇಲ್ಲವೇ ಬ್ಯಾಂಕಿನ ಪರೀಕ್ಷೆಗೆ ಕೂಡಬೇಕು, ಮೂರನೆಯ ದಾರಿ ಇಲ್ಲ ಎಂಬುದು ನನ್ನ ಪ್ರಮೇಯವಾಗಿತ್ತು. ಅವಳು ಧಾರವಾಡದಲ್ಲಿ ಎಂ.ಎಸ್ಸಿ ಮುಗಿಸಿ ಬಂದು ಒಂದು ಅರ್ಜಿಯನ್ನು ನನ್ನ ಮುಂದೆ ಇಟ್ಟಳು. ಗಣಿತದವರಿಗೆ ಜೀನೋಮ್ ದತ್ತಾಂಶದ, ಅಂದರೆ ರಕ್ತದಿಂದ ತೆಗೆದ ವಂಶವಾಹಿಗಳ, ಲೆಕ್ಕ ಕಲಿಸುವ ಎರಡು ವರ್ಷದ ತರಬೇತಿಯಂತೆ, ಹೈದರಾಬಾದಿನಲ್ಲಿ. ನನ್ನ ಶಿಫಾರಸು ಪತ್ರ ಬೇಕಿತ್ತು.

“ರಕ್ತಕ್ಕೂ ಗಣಿತಕ್ಕೂ ಏನವಾ ಸಂಬಂಧ? ಸುಮ್ಮನ ಬಿ.ಎಡ್ ಮಾಡು,” ಎಂದು ರೇಗಿದೆ.

“ನಮ್ಮಣ್ಣಗ ಯಾಕ ಕಿವಿ ಕೇಳೂದಿಲ್ಲ ಅನ್ನೂದು ತಿಳೀಬೇಕ್ರಿ ಸರ್. ನಮ್ಮವ್ವನ ಸಲುವಾಗಿ.”

ನಾನು ಅಲ್ಲೇ ಕೂತು ಪತ್ರ ಬರೆದುಕೊಟ್ಟೆ. ನಾವಿಬ್ಬರೂ ಸಂಶಿಯವರು, ಒಂದೇ ಓಣಿಯವರು. ಅವಳ ತಾಯಿ ರೇವವ್ವ ಚೊಚ್ಚಲ ಬಸುರಿದ್ದಾಗ ಸೂರ್ಯಗ್ರಹಣ ಬಂದಿತ್ತು. ಅದು ಬಿಡುವ ಮೊದಲೇ ಅವಳು ಬದನೆಕಾಯಿ ಹೆಚ್ಚಲು ಈಳಿಗೆ ಹಿಡಿದಳಂತೆ. ಹುಟ್ಟಿದ ಸಿದ್ಧಲಿಂಗನಿಗೆ ಕಿವಿ ಕೇಳಿಸಲಿಲ್ಲ. “ಗ್ರಹಣದಾಗ ಈಳಿಗಿ ಹಿಡದ್ಲು, ಕೂಸಿನ ಕಿವಿ ಕಳದ್ಲು,” ಎಂದು ಅತ್ತೆ ಮಲ್ಲವ್ವ ಬಂದವರಿಗೆಲ್ಲ ಹೇಳಿದಳು, ಇಪ್ಪತ್ತೈದು ವರ್ಷ ಹೇಳಿದಳು. ಸಿದ್ಧಲಿಂಗ ಬೆಳೆದು ಒಳ್ಳೆಯ ಟೇಲರ್ ಆದ. ನನ್ನ ಅಂಗಿಗಳೆಲ್ಲ ಅವನ ಕೈಯವೇ. ಆದರೂ ಅವನ ಮುಖ ನೋಡಿದಾಗಲೆಲ್ಲ ರೇವವ್ವನ ಕಣ್ಣು ಕೆಳಗಾಗುತ್ತಿತ್ತು. ಆ ಮುದುಕಿಯ ಮೇಲೆ ನನಗೆ ಸಿಟ್ಟಿತ್ತು, ಈಗಲೂ ಪೂರ್ತಿ ಇಳಿದಿಲ್ಲ.

ತರಬೇತಿಯ ಮೊದಲ ತಿಂಗಳಲ್ಲೇ ಎಲ್ಲರಿಗೂ ಅವರವರ ಮನೆತನದ ವಂಶವೃಕ್ಷವನ್ನು ಕಂಪ್ಯೂಟರಿಗೆ ಹಾಕಲು ಹೇಳಿದರು. ತಂದೆ ತಾಯಿಗೆ ಹತ್ತಿರದ ರಕ್ತಸಂಬಂಧ ಎಷ್ಟು ಎಂದು ಅದು ಲೆಕ್ಕ ಹಾಕುತ್ತದೆ. ಮಹಾನಂದಾಳ ಉತ್ತರ ಸೊನ್ನೆ ಬಂತು, ಅಂದರೆ ಸಂಬಂಧವೇ ಇಲ್ಲ. ತಂದೆ ತಾಯಿ ಒಂದೇ ಮನೆತನದವರೆಂದು ಗೊತ್ತಿದ್ದ ಅವಳಿಗೆ ಆ ರಾತ್ರಿಯೆಲ್ಲ ಸಮಾಧಾನವಿಲ್ಲ. ಮರುದಿನ ನೋಡಿದರೆ, ತಂದೆಯ ತಾಯಿ ಎಂದು ಬಲಕ್ಕೆ ಒಬ್ಬ ಮಲ್ಲವ್ವ, ತಾಯಿಯ ಅಜ್ಜಿ ಎಂದು ಎಡಕ್ಕೆ ಇನ್ನೊಬ್ಬ ಮಲ್ಲವ್ವ! ಕಂಪ್ಯೂಟರ್ ಪಾಪ, ಇಬ್ಬರು ಹೆಂಗಸರೆಂದು ತಿಳಿದಿತ್ತು. ರೇವವ್ವ ಮದುವೆಯಾದದ್ದು ತನ್ನ ತಾಯಿಯ ಖಾಸ ತಮ್ಮ ಸಂಗನಬಸವನನ್ನು. ನಮ್ಮ ಕಡೆ ಇದು ಹೊಸದೇನಲ್ಲ. ಮಲ್ಲವ್ವ ಅವಳಿಗೆ ಅತ್ತೆಯೂ ಹೌದು, ಅಜ್ಜಿಯೂ ಹೌದು. ತಾಯಿ ಮಗಳು ಇಬ್ಬರೂ ಅವಳನ್ನು ಆಯಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಾರೆ. ಇಬ್ಬರನ್ನೂ ಒಬ್ಬಳು ಮಾಡಿದ ಮೇಲೆ ಸರಿಯಾದ ಉತ್ತರ ಬಂತು. ಅಲ್ಲಿಂದ ಅವಳು ಬೆನ್ನುಬಿಡಲಿಲ್ಲ. ಅಣ್ಣನನ್ನೂ ತಂದೆ ತಾಯಿಯನ್ನೂ ಒಪ್ಪಿಸಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಡಿಸಿದಳು.

ವರದಿ ಬಂದದ್ದು ದೀಪಾವಳಿಯ ಹೊತ್ತಿಗೆ. ಅವಳು ಊರಿಗೆ ಬಂದ ಸುದ್ದಿ ತಿಳಿದು ನಾನೂ ಹೋದೆ. ಮಲ್ಲವ್ವ ಹೊರಗೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಒಳಗೆ ಮಹಾನಂದಾ ತಾಯಿಯ ಕೈ ಹಿಡಿದು ಕೂತಿದ್ದಳು.

“ಗ್ರಹಣದ್ದಲ್ಲವ್ವ, ಈಳಿಗೀದೂ ಅಲ್ಲ. ಒಂದು ಸಣ್ಣ ದೋಷ ಹಿರಿಯರಿಂದ ಅಪ್ಪಗೂ ಬಂದಿತ್ತು, ನಿನಗೂ ಬಂದಿತ್ತು. ಒಬ್ಬರ ಕಡಿಂದ ಅಷ್ಟ ಬಂದಿದ್ರ ಏನೂ ಆಗ್ತಿರಲಿಲ್ಲ. ಅಣ್ಣಗ ಇಬ್ಬರ ಕಡಿಂದೂ ಬಂತು. ನೀ ಏನೂ ಮಾಡಿಲ್ಲ.”

“ಖರೇನ?”

“ಖರೇನವ್ವ.”

ರೇವವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸ್ವಲ್ಪ ಹೊತ್ತಿನ ಮೇಲೆ ಅವಳು ಕಣ್ಣೊರೆಸಿಕೊಂಡಳು. “ಹಂಗಾರ, ಒಂದ ಮನಿಯೊಳಗ ಲಗ್ನ ಆತಲ್ಲ, ಅದಕ್ಕ ಹಿಂಗಾತು?”

“ಹೌದವ್ವ.”

ಆ ಲಗ್ನ ಮಾಡಿಸಿದವಳು ಮಲ್ಲವ್ವ. ಮೊಮ್ಮಗಳನ್ನು ಹೊರಗೆ ಕೊಡುವುದಿಲ್ಲ ಎಂದು ಹಟ ಹಿಡಿದು ಮಾಡಿಸಿದ್ದಳು.

ಮಹಾನಂದಾ ವರದಿ ಹಿಡಿದು ಎದ್ದಳು. “ಆಯಿಗೆ ಹೇಳಿ ಬರ್ತೀನಿ. ಇನ್ನ ಮ್ಯಾಲೆ ನಿನಗ ಒಂದು ಮಾತು ಅನಬಾರದು.”

ಹೇಳು ಹೇಳು, ಎಂದು ನನ್ನ ಮನಸ್ಸೂ ಕುಣಿಯಿತು. ರೇವವ್ವ ಮಗಳ ಮುಂಗೈ ಹಿಡಿದು ಕೂರಿಸಿದಳು.

“ಬ್ಯಾಡ. ಲಗ್ನ ಮಾಡ್ಸಿದ್ದು ತಪ್ಪಲ್ಲ ಅಂತ ನೀ ಎಷ್ಟ ಹೇಳಿದ್ರೂ ಆಕಿ ಮನಸ ಕೇಳೂದಿಲ್ಲ. ನಾ ಆಗ ಪ್ರಾಯದಾಕಿ, ಹೊತ್ಕೊಂಡೆ. ಆಕಿಗೆ ಎಂಬತ್ತೈದು. ಆಕಿ ಇರೂತನಕ ಅದು ಗ್ರಹಣಾನ ಇರಲಿ.”

ಹೊರಗಿನಿಂದ ಮಲ್ಲವ್ವನ ದನಿ ಕೇಳಿತು. “ಯಾಕ ಅಳಾಕತ್ತಾಳಲೇ ನಿಮ್ಮವ್ವ?”

ಮಹಾನಂದಾ ತಾಯಿಯ ಮುಖ ನೋಡಿದಳು. ವರದಿಯನ್ನು ಮಡಿಚಿ ಚೀಲಕ್ಕೆ ಹಾಕಿದಳು. “ಮಗಳು ಬಾಳ ದಿನಕ್ಕ ಬಂದಾಳಂತ ಅಳಾಕತ್ತಾಳ, ಆಯಿ.”

“ಸಣ್ಣಾಕಿದ್ದಾಗಿಂದ ಹಂಗ ಆಕಿ, ಹುಚ್ಚಿ,” ಎಂದು ಮುದುಕಿ ನಕ್ಕಳು.

ಒಳಗೆ ರೇವವ್ವನೂ ನಕ್ಕಳು. ಇಷ್ಟು ವರ್ಷ ಒಂದೇ ಓಣಿಯಲ್ಲಿದ್ದೂ ಅವಳು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.