ಮಾಲ್ಟಾಕ್ಕೆ ಒಂದು ರಿಟರ್ನ್ ಗಾಡಿ

ಇಪ್ಪತ್ತೇಳು ಲಕ್ಷ ರೂಪಾಯಿ. ಗೋವಾದಿಂದ ಮಾಲ್ಟಾ ದ್ವೀಪಕ್ಕೆ, ಹೋಗುವುದಕ್ಕಷ್ಟೇ, ಎಂಟು ಸೀಟಿನ ಇಡೀ ವಿಮಾನಕ್ಕೆ ನಾನು ಕೊಟ್ಟ ಬಾಡಿಗೆ ಇದು. ಕುಳಿತವರು ಮೂವರು: ನಮ್ಮಕ್ಕ, ನನ್ನ ಹೆಂಡತಿ, ನಾನು. ಬೆಟಗೇರಿಯಲ್ಲಿ ಇದನ್ನು ಐವತ್ತು ಅಂದವರಿದ್ದಾರೆ, ಲಕ್ಷ್ಮೇಶ್ವರ ಮುಟ್ಟುವಷ್ಟರಲ್ಲಿ ಕೋಟಿ ದಾಟಿಸಿದವರೂ ಇದ್ದಾರೆ. ಅದಕ್ಕೇ ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಸಾಲ ಮಾಡಿಲ್ಲ, ಹೊಲ ಮಾರಿಲ್ಲ. ಲಾರಿಗಳಿಗೆ ತಾಡಪತ್ರಿ ಕಟ್ಟುತ್ತ ಶುರುಮಾಡಿ, ಗದಗಿನ ಎಪಿಎಂಸಿ ಹತ್ತಿರ ಸ್ವಂತ ಲಾರಿ ಬುಕಿಂಗ್ ಆಫೀಸು ಹಾಕಿ ಗಳಿಸಿದ ದುಡ್ಡು. ಯಾರಿಗೂ ಲೆಕ್ಕ ಒಪ್ಪಿಸುವುದಿಲ್ಲ. ಯಾಕೆ ಕೊಟ್ಟೆ ಅನ್ನುವುದನ್ನು ಮಾತ್ರ ಹೇಳುತ್ತೇನೆ. ಅದರಲ್ಲಿ ಎರಡು ಗೋಡೆಗಳಿವೆ.

ಮೊದಲನೆಯದು ಶಿರಹಟ್ಟಿ ಕಡೆಯ ಒಂದು ಸರಕಾರಿ ಶಾಲೆಯ ಗೋಡೆ. ಅಕ್ಕ ನನಗಿಂತ ಹದಿನಾರು ವರ್ಷ ದೊಡ್ಡವಳು, ಅಲ್ಲಿ ಟೀಚರು. ಒಂದು ಬೇಸಿಗೆ ರಜೆಯಲ್ಲಿ ತಾನೇ ನಿಂತು ಆ ಗೋಡೆಯ ಮೇಲೆ ಜಗತ್ತಿನ ನಕ್ಷೆ ಬರೆದಳು. ಇಟಲಿಯ ಕೆಳಗೆ, ಸಮುದ್ರದ ನಡುವೆ ಒಂದು ಹಳದಿ ಚುಕ್ಕೆ ಇಟ್ಟಳು. ಶಾಲೆ ಶುರುವಾದ ಮೇಲೆ ತಪಾಸಣೆಗೆ ಬಂದ ಸಾಹೇಬರ ಕಣ್ಣು ಸೀದಾ ಅದರ ಮೇಲೆ ಬಿತ್ತು.

“ಇಲ್ಲಿ ಬಣ್ಣ ಸಿಡದೈತಿ, ಒರಸ್ರಿ.”

“ಅದು ಸಿಡದಿದ್ದಲ್ರಿ ಸರ. ಮಾಲ್ಟಾ. ದ್ವೀಪ ಐತ್ರಿ.”

“ನೀವು ನೋಡಿ ಬಂದೀರೇನು?”

“ಇಲ್ರಿ.”

ಇಡೀ ತರಗತಿ ನಕ್ಕಿತು. ಏಳನೇ ಇಯತ್ತೆಯಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅಕ್ಕ ಚುಕ್ಕೆ ಒರೆಸಲಿಲ್ಲ. ನನ್ನನ್ನು ಮಾತ್ರ ಒಂದು ಸಲ ನೋಡಿದಳು.

ಎರಡನೆಯ ಗೋಡೆ ಒಂದು ದೊಡ್ಡ ಊರಿನ ವಿಮಾನ ನಿಲ್ದಾಣದ್ದು. ಅಕ್ಕನಿಗೆ ಎಪ್ಪತ್ತು ತುಂಬಿದ ಮೇಲೆ, ಮಾಲ್ಟಾ ತೋರಿಸಿಯೇಬಿಡೋಣ ಎಂದು ಎಲ್ಲರಂತೆ ಟಿಕೆಟ್ ತೆಗೆಸಿದೆ. ಅವಳ ಮೊಣಕಾಲು ಹೋಗಿವೆ, ಗಾಲಿಕುರ್ಚಿ ಬೇಕು. ಅವಳನ್ನು ಬೇರೆ ಸಾಲಿನಲ್ಲಿ ಒಯ್ಯುತ್ತೇವೆ ಅಂದರು, ನಾನೂ ಬುದ್ಧಿಯಿಲ್ಲದೆ ಹೂಂ ಅಂದೆ. ಒಯ್ದವನು ಒಂದು ಮೂಲೆಯಲ್ಲಿ ಗೋಡೆಗೆ ಹಚ್ಚಿ ನಿಲ್ಲಿಸಿ ಹೋದ. ನಾವು ಹುಡುಕಿ ಮುಟ್ಟುವಷ್ಟರಲ್ಲಿ ಮೂರು ತಾಸು ಕಳೆದಿತ್ತು, ವಿಮಾನ ಹೋಗಿತ್ತು.

“ಲೇ ತಮ್ಮಾ,” ಅಂದಳು ಅಕ್ಕ, “ನಿನ್ನ ಆಫೀಸಿನ್ಯಾಗ ಪಾರ್ಸಲ್ ಮ್ಯಾಲರೆ ಒಂದು ನಂಬರ್ ಬರೀತಾರ. ನನಗ ಅದನ್ನೂ ಬರೀಲಿಲ್ಲೋ.”

ಮನೆಗೆ ಬಂದು, ಇನ್ನು ಆ ಕುರ್ಚಿಯಲ್ಲಿ ಕೂಡುವುದಿಲ್ಲ, ವಿಮಾನವೂ ಬೇಡ, ಮಾಲ್ಟಾವೂ ಬೇಡ ಅಂದಳು.

ವಿಮಾನವನ್ನೇ ಬಾಡಿಗೆಗೆ ಹಿಡಿಯುವ ವಿಚಾರ ಬಂದದ್ದು ಆಗ. ಬೆಂಗಳೂರಿನ ದಲ್ಲಾಳಿಯೊಬ್ಬರು ಫೋನಿನಲ್ಲಿ ಒಂದು ಕೋಟಿ ಹತ್ತು ಲಕ್ಷ ಅಂದರು. ನಾನು ಕೇಳಿದ್ದು ಒಂದೇ ಮಾತು: “ಆ ಕಡಿಂದ ಮಂದೀನ್ನ ತಂದು ಇಳಿಸಿದ ವಿಮಾನ, ವಾಪಸ್ ಹೋಗಬೇಕಾದ್ರ ತುಂಬಿ ಹೋಗತೈತೋ, ಖಾಲಿನೋ?”

ನಮ್ಮ ದಂಧೆಯಲ್ಲಿ ಮೊದಲು ಕೇಳುವ ಪ್ರಶ್ನೆಯೇ ಅದು. ಕೊಲ್ಲಾಪುರದ ಲಾರಿ ಗದಗಿನಲ್ಲಿ ಮಾಲು ಇಳಿಸಿದ ಮೇಲೆ ಖಾಲಿ ಹೋಗಲು ಅದರ ಮಾಲೀಕನಿಗೆ ಮನಸ್ಸಾಗುವುದಿಲ್ಲ. ಡೀಸೆಲ್ ಖರ್ಚು ಹುಟ್ಟಿದರೆ ಸಾಕು ಎಂದು ಅರ್ಧ ಬಾಡಿಗೆಗೆ ಉಳ್ಳಾಗಡ್ಡಿ ಹೇರಿಕೊಳ್ಳುತ್ತಾನೆ. ಇದೇ ರಿಟರ್ನ್ ಗಾಡಿ. ನನ್ನ ಮನೆ ಎದ್ದದ್ದೇ ಅದರ ಮೇಲೆ.

“ಖಾಲಿ ಹೋಗೋದೂ ಇರುತ್ತೆ ಸಾರ್,” ಅಂದರು ದಲ್ಲಾಳಿ. “ಆದ್ರೆ ದಿನ, ಟೈಮು ಅವರದ್ದು. ನಿಮ್ಮದಲ್ಲ.”

“ಅಡ್ಡಿಯಿಲ್ಲ. ನಮ್ಮ ಚೀಲ ಬಾಗಲದಾಗ ಇರತಾವು.”

ಸುದ್ದಿ ಕೇಳಿ ಮುಂಡರಗಿಯಿಂದ ದೊಡ್ಡಪ್ಪನ ಮಗ ಬಂದ. “ಊರ ಸಾಹುಕಾರಗೂ ನವಾಬಗೂ ಆಗದ್ದು ನಿನಗ ಯಾಕಲೇ? ಇಲ್ಲೇ ಹುಲಕೋಟಿಗೆ ಬಸ್ಸಿನ್ಯಾಗ ಹೋಗಾಕ ಬರಂಗಿಲ್ಲ ಆಕಿಗೆ. ಅದ ರೊಕ್ಕದಾಗ ಮಠಕ್ಕ ಒಂದು ಖೋಲಿ ಕಟ್ಟಸು, ಹೆಸರರೆ ಉಳಿತೈತಿ.”

“ಹ್ವಾದ ವರ್ಷ ಮಠದವ್ರು ಖೋಲಿ ಕಟ್ಟಸಿದಾಗ ನೀ ಎಷ್ಟು ಕೊಟ್ಟಿದ್ದಿ ಅಣ್ಣಾ?”

ಅವನು ಚಹಾ ಆರಿತೆಂದು ಗಟಗಟ ಕುಡಿದ.

ಮೊದಲು ಗೊತ್ತುಮಾಡಿದ ವಿಮಾನ ಕೈಕೊಟ್ಟಿತು. ಅದನ್ನು ಹಿಡಿದಿದ್ದವರು ಈ ಕಡೆ ಬರುವುದನ್ನೇ ಬಿಟ್ಟರು; ಬರದ ಗಾಡಿಗೆ ವಾಪಸ್ ಎಲ್ಲಿಯದು? ಮುಂಗಡ ಪೂರ್ತಿ ಹಿಂದಿರುಗಿಸಬೇಕೆಂದು ಬರೆಸಿಕೊಂಡಿದ್ದೆ, ಬಂತು. ಆದರೆ ದೊಡ್ಡಪ್ಪನ ಮಗ ಫೋನು ಮಾಡಿ, “ಏನಪಾ, ವಿಮಾನ ಪಂಚರ್ ಆತಂತ?” ಅಂದ. ಈ ವಿಮಾನಕ್ಕೆ ಸಾಲೂ ಇಲ್ಲ, ಆ ಕುರ್ಚಿಯೂ ಇಲ್ಲ ಅಂದ ಮೇಲೆ ಒಪ್ಪಿ ಚೀಲ ತುಂಬಿದ್ದ ಅಕ್ಕ, ಈಗ ಸೀರೆ ತೆಗೆದು ಟ್ರಂಕಿಗೆ ಹಾಕುತ್ತಿದ್ದಳು.

“ಅಕ್ಕಾ, ಚೀಲ ಬಿಚ್ಚಬ್ಯಾಡ.”

“ಇರಲಿ ಬಿಡೋ. ನೀ ಅಂದಿ, ಅಷ್ಟ ಸಾಕು.”

ಸಾಕು ಅನ್ನಿಸಿಕೊಳ್ಳುವುದಕ್ಕೆ ನಾನು ಹೊರಟಿರಲಿಲ್ಲ. ಸೀರೆಗಳನ್ನು ನಾನೇ ಮಡಚಿ ಮತ್ತೆ ಚೀಲಕ್ಕೆ ತುಂಬಿದೆ.

ಮೂರು ವಾರ ಬಿಟ್ಟು ಒಂದು ಮುಂಜಾನೆ ದಲ್ಲಾಳಿಯ ಫೋನು. ಯಾವುದೋ ಮದುವೆಯ ಮಂದಿಯನ್ನು ಗೋವಾಕ್ಕೆ ತಂದ ವಿಮಾನ. ಅದರ ಮನೆಯೇ ಮಾಲ್ಟಾ. ಮರುದಿನ ಮಧ್ಯಾಹ್ನ ಎರಡಕ್ಕೆ ಹೊರಡುತ್ತದೆ.

“ಮೂವತ್ತೈದಕ್ಕಿಂತ ಕಡಿಮೆ ಆಗಲ್ಲ ಸಾರ್.”

“ಸಂಜಿಯೊಳಗ ವೀಸಾ ಇಟಗೊಂಡು ಕುಂತಾವ್ರು ನನ್ನ ಬಿಟ್ಟು ಯಾರು ಸಿಗತಾರ ಹೇಳ್ರಿ. ಇಪ್ಪತ್ತೈದು.”

“ಸಾರ್, ಇದು ಲಾರಿ ಅಲ್ಲ.”

“ಖಾಲಿ ಹ್ವಾದ್ರ ಎರಡೂ ಒಂದರಿ.”

ಆಮೇಲೆ ನಾನು ಫೋನು ಮಾಡಲಿಲ್ಲ. ಹನ್ನೊಂದಕ್ಕೆ ಅವರೇ ಮಾಡಿದರು. ಇಪ್ಪತ್ತೇಳಕ್ಕೆ ಕುದುರಿತು.

ಕಾರಿನ ಹಿಂದಿನ ಸೀಟಿಗೆ ಕೌದಿ ಹಾಸಿ ಅಕ್ಕನನ್ನು ಮಲಗಿಸಿಕೊಂಡು ಗೋವಾ ಮುಟ್ಟಿದೆವು. ಅಲ್ಲಿಯ ವಿಮಾನ ನಿಲ್ದಾಣದ ಸಿಬ್ಬಂದಿ ಒಬ್ಬಾಕೆ ಎದ್ದು ಬಂದು, ಬಗ್ಗಿ, ಅಕ್ಕನ ಹೆಸರು ಕೇಳಿದಳು. ಅಕ್ಕ ತಂದೆಯ ಹೆಸರು, ಅಡ್ಡಹೆಸರು ಎಲ್ಲ ಸೇರಿಸಿ ಪೂರ್ತಿ ಹೇಳಿದಳು. ವಿಮಾನಕ್ಕೆ ಐದೇ ಮೆಟ್ಟಿಲು. ಕಂಬಿ ಹಿಡಿದು ಒಂದೊಂದೇ ಹತ್ತಿದಳು. ಯಾರೂ ಜಲ್ದಿ ಮಾಡು ಅನ್ನಲಿಲ್ಲ.

ನಡುವೆ ಎಣ್ಣೆ ಹಾಕಿಸಲು ಒಂದು ಕಡೆ ಇಳಿದು ಮತ್ತೆ ಏರಿದೆವು. ಇಳಿಯುವ ಮೊದಲು ಕಿಟಕಿಯ ಕೆಳಗೆ ನೀಲಿಯ ನಡುವೆ ಅದು ಕಾಣಿಸಿತು. ಸಂಜೆ ಬಿಸಿಲಿಗೆ ಕಲ್ಲೆಲ್ಲ ಹಳದಿ. ಅಕ್ಕ ಗಾಜಿಗೆ ಹಣೆ ಹಚ್ಚಿದಳು.

“ಹಳದಿನ ಐತಿ ನೋಡು,” ಅಂದಳು. ಆಮೇಲೆ ನನ್ನ ಕಡೆ ತಿರುಗಿ, “ಅವತ್ತು ನೀ ನಕ್ಕಿದ್ದಿ ಅಲಾ? ಈಗ ನಗು ನೋಡೂಣು.”

ನನಗೆ ನಗು ಬರಲಿಲ್ಲ. ಅವಳೇ ನಕ್ಕಳು, ನನ್ನ ಹೆಂಡತಿಯೂ ಸೇರಿಕೊಂಡಳು.

ನಾಲ್ಕು ದಿನ ಅಕ್ಕ ಬಂದರಿನ ಕಟ್ಟೆಯ ಮೇಲೆ ಕುಳಿತು ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ ದೋಣಿ ನೋಡಿದಳು. ವಾಪಸಿಗೆ ಇನ್ನೊಂದು ಖಾಲಿ ವಿಮಾನ ಹುಡುಕುತ್ತಿದ್ದವನನ್ನು ತಡೆದವಳೂ ಅವಳೇ. “ಸಾದಾ ವಿಮಾನದಾಗ ಹೋಗೂಣು. ನನ್ನ ಬಿಟ್ಟು ಹ್ವಾದ್ರಲಾ, ಆ ಗ್ವಾಡಿ ನೋಡೂದೈತಿ.”

ಅದೇ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು. ಕುರ್ಚಿ ತಳ್ಳುವವನು ಅವಳನ್ನು ಗೋಡೆಗೆ ಹಚ್ಚಿ ಹೊರಟ. ಅಕ್ಕ ಕೋಲಿನಿಂದ ನೆಲ ಬಡಿದಳು. “ಏಯ್! ಎಲ್ಲಿ ಹೊಂಟಿ? ಹೆಸರೇನು ನಿಂದು? ಇಲ್ಲೇ ನಿಂದ್ರು!” ಅವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಆ ದನಿಗೆ ಏಳನೇ ತರಗತಿಯವನಂತೆ ನಿಂತುಬಿಟ್ಟ. “ಮಾಲ್ಟಾ ನೋಡಿ ಬಂದೀನಿ ನಾ,” ಎಂದು ಅವನಿಗೇ ಹೇಳಿದಳು. ವಿಮಾನದ ಬಾಗಿಲಿನ ತನಕ ಅವನು ಕುರ್ಚಿ ಬಿಡಲಿಲ್ಲ.

ನೀವೂ ಹೋಗುವುದಾದರೆ ಹೋಗಿ, ನಾಚಬೇಡಿ. ಮೊದಲು ಹೇಳಿದ ದರ ಕೇಳಿ ಹೆದರಬೇಡಿ. ಖಾಲಿ ಹೋಗುವುದು ಯಾವುದಿದೆ ಎಂದು ಕೇಳಿ. ವೀಸಾ ಮೊದಲೇ ಇರಲಿ, ಇಲ್ಲದಿದ್ದರೆ ಚೌಕಾಶಿಗೆ ಬಲವಿಲ್ಲ. ವಿಮಾನ ರದ್ದಾದರೆ ಮುಂಗಡ ಪೂರ್ತಿ ವಾಪಸ್ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಅಗ್ಗವಾಗುವುದು ಹೋಗುವುದಷ್ಟೇ, ಬರುವ ಖರ್ಚು ಬೇರೆ ತೆಗೆದಿಡಿ. ಇನ್ನು ದೊಡ್ಡ ನಿಲ್ದಾಣಗಳಲ್ಲಿ, ನಿಮ್ಮ ಮನೆಯ ಹಿರಿಯರಿಗೆ ಬೇರೆ ಸಾಲು ಎಂದು ಯಾರು ಎಷ್ಟೇ ನಯವಾಗಿ ಹೇಳಲಿ, ಹೂಂ ಅನ್ನಬೇಡಿ. ಕುರ್ಚಿಯ ಹಿಡಿಕೆ ನಿಮ್ಮ ಕೈಯಲ್ಲೇ ಇರಲಿ.